ಬಿಸಿಲು ಬಂದಾಗ ತುಂಬಿಕೊ

ಗಾಳಿ ಬಂದಾಗ ತೂರಿಕೊ ಎನ್ನುವುದು ಕಣದಲ್ಲಿ ಹುಟ್ಟಿದ ಮಾತು. ರಾಶಿಯ ಮುಂದೆ ಮೊರ ಹಿಡಿದು ನಿಂತವರು ಗಾಳಿಗೆ ಕಾಯುತ್ತಿದ್ದರು. ಬೀಸಿದಾಗ ಉಳಿದ ಕೆಲಸ ಬಿಟ್ಟು ತೂರುತ್ತಿದ್ದರು, ನಿಂತಾಗ ತಾವೂ ಕೂರುತ್ತಿದ್ದರು. ಹಗಲಿನ ಗಾಳಿಯನ್ನು ಚೀಲದಲ್ಲಿ ಕಟ್ಟಿಟ್ಟು ರಾತ್ರಿ ತೂರೋಣ ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಲೈನ್ ಕರೆಂಟು ಮುಟ್ಟದ ತೋಟದ ಮನೆಗೆ ಸೋಲಾರ್ ಹಾಕಿಸಿಕೊಂಡ ಮೇಲೆ ನಾವು ಮಾಡುವುದು ಬಹುಮಟ್ಟಿಗೆ ಅದನ್ನೇ. ಬಿಸಿಲನ್ನು ಬ್ಯಾಟರಿಯಲ್ಲಿ ಕಟ್ಟಿಟ್ಟು, ಸಂಜೆ ಏಳಕ್ಕೆ ಟ್ಯಾಂಕ್ ಖಾಲಿಯಾಯಿತೆಂದು ಪಂಪ್ ಹಾಕುತ್ತೇವೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ. ಆಗ ದೂರು ಬ್ಯಾಟರಿಯ ಮೇಲೆ.

ಮಾತು ಗಾಳಿಯಲ್ಲಿ ತೇಲಬಾರದು ಅಂದರೆ ಒಂದು ಮನೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಮಲೆನಾಡಿನ ಕಡೆ ಸಾಮಾನ್ಯವಾಗಿ ಕಾಣುವ ಅಳತೆಯದೇ ಇರಲಿ: 335 ವ್ಯಾಟಿನ 6 ಪ್ಯಾನೆಲ್, ಅಂದರೆ 2 ಕಿಲೋವ್ಯಾಟ್. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ 4, ಸಾಲಾಗಿ ಕಟ್ಟಿ 48 ವೋಲ್ಟ್. 3 ಕೆ.ವಿ.ಎ. ಇನ್ವರ್ಟರ್. 60 ಮೀಟರ್ ಆಳದಿಂದ ನೀರೆತ್ತುವ 1 ಎಚ್‌.ಪಿ. ಸಿಂಗಲ್ ಫೇಸ್ ಬೋರ್‌ವೆಲ್ ಪಂಪ್, ಮನೆಯ ಮೇಲೆ 2000 ಲೀಟರ್ ಟ್ಯಾಂಕ್.

ಈಗ ಆ ಟ್ಯಾಂಕನ್ನು ಬ್ಯಾಟರಿಯ ಹಾಗೆ ನೋಡಿ. 1000 ಲೀಟರ್ ನೀರನ್ನು 60 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಬೇಕಾಗುವುದು 0.16 ಯೂನಿಟ್. ಸಣ್ಣ ಸಬ್‌ಮರ್ಸಿಬಲ್ ಪಂಪು, ಕೇಬಲ್, ಪೈಪು ಎಲ್ಲ ಸೇರಿ ಕೈಗೆ ಸಿಗುವ ದಕ್ಷತೆ ಸುಮಾರು 30 ಪ್ರತಿಶತ. ಹಾಗಾಗಿ ನಿಜವಾದ ಖರ್ಚು 0.55 ಯೂನಿಟ್. ಟ್ಯಾಂಕ್ ತುಂಬಲು ಸುಮಾರು ಒಂದು ಗಂಟೆ, 1.1 ಯೂನಿಟ್. ಒಂದು 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನುವುದಾದರೆ ಬಳಕೆಗೆ ಸಿಗುವುದು 0.9. ಅಂದರೆ ಮಧ್ಯಾಹ್ನ ತುಂಬಿದ ಒಂದು ಟ್ಯಾಂಕ್ ಒಂದು ಬ್ಯಾಟರಿಗಿಂತ ಹೆಚ್ಚು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕಿಲ್ಲ, ವಯಸ್ಸಾಗುವುದೂ ಇಲ್ಲ. ಅದೇ ಟ್ಯಾಂಕನ್ನು ರಾತ್ರಿ ತುಂಬಿದರೆ, ಬ್ಯಾಟರಿಗೆ ಹಾಕಿ ತೆಗೆಯುವಾಗಿನ ನಷ್ಟ ಸೇರಿ, ಪ್ಯಾನೆಲ್ ಕಡೆಯಿಂದ 1.4 ಯೂನಿಟ್ ಹೋಗುತ್ತದೆ.

ಹಾಗಾದರೆ ಪಂಪು ಹಗಲು ಮಾತ್ರ ಓಡಲಿ. ಹೇಳುವುದು ಸುಲಭ. ಆದರೆ ಹಗಲಾಯಿತು ಎಂದು ಯಂತ್ರಕ್ಕೆ ತಿಳಿಸುವುದು ಯಾರು?

ಎಲ್ಲರೂ ಮೊದಲು ಕೈ ಹಾಕುವುದು ಟೈಮರ್‌ಗೆ. ಅದು ತಪ್ಪಲ್ಲ. ಆದರೆ ನಮ್ಮ ಗಡಿಯಾರದ ಹನ್ನೆರಡು ಸೂರ್ಯನ ಹನ್ನೆರಡಲ್ಲ ಎಂಬುದು ತಿಳಿದಿರಲಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:20ಕ್ಕೆ. ನವೆಂಬರ್ ಮೊದಲ ವಾರದಲ್ಲಿ 12:03ರ ಹೊತ್ತಿಗೆ, ಫೆಬ್ರವರಿ ನಡುವೆ 12:34ಕ್ಕೆ. ಕಾರವಾರದಲ್ಲಿ ಇನ್ನೂ 14 ನಿಮಿಷ ತಡ. ಬೆಳಿಗ್ಗೆ 8ರಿಂದ ಸಂಜೆ 4 ಎಂದು ಟೈಮರ್ ಇಟ್ಟರೆ ಕಿಟಕಿ ಬೆಳಗಿನ ಕಡೆಗೇ ವಾಲಿರುತ್ತದೆ, ಬ್ಯಾಟರಿ ಹಸಿದಿರುವ ಹೊತ್ತಿನ ಕಡೆಗೆ. ಪೂರ್ವಕ್ಕೆ ಗುಡ್ಡ ಇರುವ ತೋಟದಲ್ಲಿ ಎಂಟೂವರೆಗೂ ಪ್ಯಾನೆಲ್ ಮೇಲೆ ನೇರ ಬಿಸಿಲು ಬಿದ್ದಿರುವುದಿಲ್ಲ. 10:00ರಿಂದ 15:00 ಎಂದು ಇಡುವುದು ಒಳ್ಳೆಯದು. ಮೂರು ಗಂಟೆಗೆ ನಿಲ್ಲಿಸುವುದು ಬ್ಯಾಟರಿಯ ಸಲುವಾಗಿ: ಮಧ್ಯಾಹ್ನ ಪಂಪು ಕಿತ್ತುಕೊಂಡಿದ್ದೇನಾದರೂ ಇದ್ದರೆ ಅದನ್ನು ತುಂಬಿಕೊಂಡು ರಾತ್ರಿಗೆ ಹೋಗಲು ಅದಕ್ಕೆ ಎರಡು ಗಂಟೆಯಾದರೂ ಬೇಕು.

ಮುಳ್ಳು ತಿರುಗುವ, ಸುತ್ತ ಪಿನ್ನುಗಳಿರುವ ಟೈಮರ್ ಬೇಡ. ಅದರೊಳಗಿನ ಸಣ್ಣ ಮೋಟಾರು ಇನ್ವರ್ಟರಿನ ಕರೆಂಟಿನಿಂದಲೇ ಓಡುತ್ತದೆ. ಇನ್ವರ್ಟರ್ ಎರಡು ಗಂಟೆ ನಿಂತರೆ ಅದರ ಗಡಿಯಾರವೂ ಎರಡು ಗಂಟೆ ಹಿಂದೆ ಬೀಳುತ್ತದೆ. ನಾಲ್ಕು ಸಲ ಹೀಗಾದರೆ ಪಂಪು ಸಂಜೆ ಆರಕ್ಕೆ ಶುರು! ಒಳಗೇ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ.

ಟೈಮರಿಗೆ ಮೋಡ ಕಾಣುವುದಿಲ್ಲ. ಅದಕ್ಕೆಂದು ಬೀದಿದೀಪಕ್ಕೆ ಹಾಕುವ ಫೋಟೊಸೆಲ್ ತಂದು, ರಿಲೇಯ ಎನ್‌.ಸಿ. ಕಾಲಿನಿಂದ (ರಿಲೇ ಎಂದರೆ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು, ಅದು ಎಳೆಯದಿದ್ದಾಗ ಕೂಡಿರುವುದು ಈ ಕಾಲು) ಉಲ್ಟಾ ಮಾಡಿ ಹಗಲು ಆನ್ ಆಗುವಂತೆ ಕಟ್ಟುವವರಿದ್ದಾರೆ. ಕಟ್ಟಿದ್ದು ಸರಿಯಾಗಿಯೇ ಕೆಲಸ ಮಾಡುತ್ತದೆ, ಫಲ ಮಾತ್ರ ಕೆಟ್ಟದ್ದು. ಫೋಟೊಸೆಲ್ ತಿರುಗುವುದು ಹತ್ತಾರು ಲಕ್ಸ್ (ಲಕ್ಸ್ ಬೆಳಕಿನ ಅಳತೆ) ಬೆಳಕಿಗೆ, ಅಂದರೆ ಅಂಗಳ ಗುಡಿಸುವ ಹೊತ್ತಿನ ಮಬ್ಬು ಬೆಳಕಿಗೆ. ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಫೋಟೊಸೆಲ್ ಹೇಳುವುದು ಕತ್ತಲಿಲ್ಲ ಎಂದಷ್ಟೇ. ಬಿಸಿಲಿದೆ ಎಂದಲ್ಲ.

ಪ್ಯಾನೆಲ್ಲಿನ ವೋಲ್ಟೇಜ್ ನೋಡಿ ತೀರ್ಮಾನಿಸುವುದೂ ಇದೇ ಗುಂಡಿಗೆ ಬೀಳುವುದು. ಲೋಡ್ ಇಲ್ಲದ 12 ವೋಲ್ಟಿನ ಸಣ್ಣ ಪ್ಯಾನೆಲ್ ಬೆಳಿಗ್ಗೆ ಆರೂವರೆಗೇ 17-18 ವೋಲ್ಟ್ ತೋರಿಸುತ್ತದೆ, ಮಧ್ಯಾಹ್ನ 21. ಈ ಎರಡರ ನಡುವೆ ಬಿಸಿಲು ನೂರು ಪಟ್ಟು ಏರಿರುತ್ತದೆ, ವೋಲ್ಟೇಜು ಏರಿದ್ದು ಮೂರು ನಾಲ್ಕೇ ವೋಲ್ಟ್. ಬಿಸಿಲಿನ ಜೊತೆ ಸರಿಸಮ ಏರಿಳಿಯುವುದು ಪ್ಯಾನೆಲ್ಲಿನ ಕರೆಂಟು. ಅದನ್ನು ಅಳೆಯುವ ಅಗ್ಗದ ದಾರಿಯೊಂದಿದೆ. 10 ವ್ಯಾಟಿನ ಒಂದು ಸಣ್ಣ ಪ್ಯಾನೆಲ್ ತೆಗೆದುಕೊಂಡು ಅದರ ಎರಡು ತಂತಿಗಳ ನಡುವೆ 10 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ. ಪೂರ್ತಿ ಬಿಸಿಲಿಗೆ ಸುಮಾರು 0.6 ಆಂಪ್ ಹರಿದು ರೆಸಿಸ್ಟರಿನ ಮೇಲೆ 6 ವೋಲ್ಟ್ ಬರುತ್ತದೆ, ಅರ್ಧ ಬಿಸಿಲಿಗೆ 3 ವೋಲ್ಟ್, ದಟ್ಟ ಮೋಡಕ್ಕೆ 1. ಈ ವೋಲ್ಟೇಜನ್ನು ಎಲ್‌.ಎಂ. 393 ಕಂಪ್ಯಾರೇಟರ್ (ಎರಡು ವೋಲ್ಟೇಜು ಹೋಲಿಸುವ ಚಿಪ್ಪು) ಇರುವ ರಿಲೇ ಬೋರ್ಡಿಗೆ ಕೊಟ್ಟು 3 ವೋಲ್ಟಿಗೆ ಆನ್, 1.8ಕ್ಕೆ ಆಫ್ ಮಾಡಿದರೆ ಅದು ನಿಜವಾದ ಬಿಸಿಲುಗಣ್ಣು. ರೆಸಿಸ್ಟರ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಡಬ್ಬಿಗೆ ಅಂಟಿಸಬೇಡಿ. ಸಣ್ಣ ಪ್ಯಾನೆಲ್ಲನ್ನು ದೊಡ್ಡವುಗಳ ಪಕ್ಕದಲ್ಲೇ, ಅದೇ ಇಳಿಜಾರಿಗೆ, ಅದೇ ದಿಕ್ಕಿಗೆ ಕೂರಿಸಿ. ಮೂರು ಗಂಟೆಗೆ ಸಿಲ್ವರ್ ಓಕ್ ಮರದ ನೆರಳು ದೊಡ್ಡ ಪ್ಯಾನೆಲ್ ಮೇಲೆ ಬೀಳುವುದಾದರೆ ಸಣ್ಣದರ ಮೇಲೂ ಬೀಳಬೇಕು.

ಇಷ್ಟಾದರೂ ಅರ್ಧ ಕೆಲಸವೇ ಆದದ್ದು. ಬಿಸಿಲಿದೆಯೇ ಎನ್ನುವುದು ಒಂದು ಪ್ರಶ್ನೆ. ಆ ಬಿಸಿಲು ಮಿಕ್ಕಿದೆಯೇ ಎನ್ನುವುದು ಬೇರೆಯದೇ ಪ್ರಶ್ನೆ. ಲೋಡನ್ನು ಹಗಲಿಗೆ ಕಟ್ಟುವ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಆದವು.

ಫೆಬ್ರವರಿಯ ಒಂದು ದಿನ ಮೇಲಿನ ಮನೆಯ ಮೀಟರಿನ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಬ್ಯಾಟರಿ 49 ವೋಲ್ಟಿನ ಸುತ್ತ. 150 ಆಂಪಿಯರ್-ಅವರ್ ಬ್ಯಾಟರಿಗೆ 15ರಿಂದ 20 ಆಂಪ್‌ಗಿಂತ ಹೆಚ್ಚು ಚಾರ್ಜಿಂಗ್ ಒಳ್ಳೆಯದಲ್ಲ, ಹಾಗಾಗಿ ಕಂಟ್ರೋಲರಿನಲ್ಲಿ (ಪ್ಯಾನೆಲ್ಲಿನ ಕರೆಂಟನ್ನು ಅಳತೆಯಲ್ಲಿ ಬ್ಯಾಟರಿಗೆ ಬಿಡುವ ಪೆಟ್ಟಿಗೆ) ಮಿತಿಯನ್ನು 18 ಆಂಪ್‌ಗೆ ಇಟ್ಟಿದೆ ಎಂದುಕೊಳ್ಳಿ. ಒಂಬತ್ತೂವರೆಗೆ 53 ವೋಲ್ಟ್. ಹನ್ನೊಂದಕ್ಕೆ 55 ದಾಟುತ್ತದೆ, ಬ್ಯಾಟರಿ ಸುಮಾರು 80 ಪ್ರತಿಶತ ತುಂಬಿದೆ. ಹನ್ನೊಂದೂಮುಕ್ಕಾಲರ ಹೊತ್ತಿಗೆ 57.6 ಮುಟ್ಟಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ವೋಲ್ಟೇಜು ಕದಲುವುದಿಲ್ಲ, ಬ್ಯಾಟರಿ ಎಳೆದುಕೊಳ್ಳುವ ಕರೆಂಟು ಮಾತ್ರ 18ರಿಂದ 10ಕ್ಕೆ, 10ರಿಂದ 5ಕ್ಕೆ ಇಳಿಯುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾನೆ, ಪ್ಯಾನೆಲ್ 1500 ವ್ಯಾಟ್ ಕೊಡಬಲ್ಲದು, ಮೀಟರಿನಲ್ಲಿ ಕಾಣುವುದು 300 ವ್ಯಾಟ್. ಪ್ಯಾನೆಲ್ಲಿಗೆ ಏನೋ ಆಯಿತೆಂದು ತೊಳೆಯಲು ಏಣಿ ಹತ್ತುವವರಿದ್ದಾರೆ. ಪ್ಯಾನೆಲ್ಲಿಗೆ ಏನೂ ಆಗಿಲ್ಲ. ಕೇಳುವವರಿಲ್ಲದೆ ಕಂಟ್ರೋಲರ್ ಸುಮ್ಮನಿದೆ ಅಷ್ಟೆ. ಆ ಗಳಿಗೆಯಲ್ಲಿ ಪಂಪ್ ಹಾಕಿ ನೋಡಿ: ವೋಲ್ಟೇಜು ಒಂದು ಕ್ಷಣ ಮೂರು ವೋಲ್ಟ್ ಕುಸಿದು ಮೇಲೆ ಬರುತ್ತದೆ, ಪ್ಯಾನೆಲ್ಲಿನ ಅಂಕೆ 300ರಿಂದ 1400ಕ್ಕೆ ಹಾರುತ್ತದೆ. ಬ್ಯಾಟರಿಗೆ ಹೋಗುವ ಕರೆಂಟು ಇನ್ನೂ ಸೊನ್ನೆಗಿಂತ ಮೇಲೇ ಇರುತ್ತದೆ. ಅಷ್ಟು ಹೊತ್ತು ದಿನವೂ ಹಾಳಾಗುತ್ತಿದ್ದ 1100 ವ್ಯಾಟ್ ಈಗ ನೀರಾಗಿ ಮೇಲೇರುತ್ತಿದೆ.

ಅದೇ ಪಂಪು ಎಂಟೂವರೆಗೆ ಶುರುವಾಗಿದ್ದರೆ? ಆಗಲೂ ಹಗಲೇ, ಬಿಸಿಲೂ ಇದೆ. ಆದರೆ ಪ್ಯಾನೆಲ್ ಕೊಡುವುದು 600 ವ್ಯಾಟ್, ಪಂಪು ಕೇಳುವುದು 1100. ಮೊದಲೇ ರಾತ್ರಿ ದುಡಿದು ದಣಿದ ಬ್ಯಾಟರಿ ಉಳಿದ 500 ಕೊಡಬೇಕು. ಹೀಗೆ ದಿನಾ ಬೆಳಿಗ್ಗೆ ಕಿತ್ತುಕೊಂಡರೆ ಲೆಡ್ ಆಸಿಡ್ ಬ್ಯಾಟರಿ 57.6 ಮುಟ್ಟುವುದೇ ಇಲ್ಲ. ವಾರಗಟ್ಟಲೆ ಪೂರ್ತಿ ತುಂಬದೆ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗದು. ಹಗಲು ಮಾತ್ರ ಓಡಿಸಿಯೂ ಬ್ಯಾಟರಿ ಹೋಯಿತು ಎನ್ನುವ ಮನೆಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಹಾಗಾಗಿ ತೀರ್ಪು ಕೊಡುವುದು ಬ್ಯಾಟರಿಯ ವೋಲ್ಟೇಜೇ ಆಗಲಿ. 48 ವೋಲ್ಟಿನ ಟ್ಯೂಬುಲರ್ ಬ್ಯಾಂಕಿಗೆ (ಸಾಲಾಗಿ ಕಟ್ಟಿದ ಬ್ಯಾಟರಿಗಳ ಗುಂಪು) ಶುರು ಮಾಡಲು ಒಳ್ಳೆಯ ಅಂಕೆಗಳು ಇವು: 55.2 ವೋಲ್ಟಿಗಿಂತ ಮೇಲೆ ಸತತ 10 ನಿಮಿಷ ಇದ್ದರೆ ಆನ್, 50 ವೋಲ್ಟಿಗಿಂತ ಕೆಳಗೆ ಸತತ 3 ನಿಮಿಷ ಇದ್ದರೆ ಆಫ್. ಒಮ್ಮೆ ಆಫ್ ಆದರೆ ಕನಿಷ್ಠ 15 ನಿಮಿಷ ಮತ್ತೆ ಆನ್ ಇಲ್ಲ. 24 ವೋಲ್ಟಿನ ಬ್ಯಾಂಕಾದರೆ ವೋಲ್ಟಿನ ಅಂಕೆಗಳನ್ನು ಅರ್ಧ ಮಾಡಿಕೊಳ್ಳಿ. ಎರಡರ ನಡುವೆ ಐದು ವೋಲ್ಟಿನಷ್ಟು ಅಂತರ ಜಾಸ್ತಿಯೆನಿಸಬಹುದು. ಪಂಪು ಶುರುವಾಗುವ ಮುಕ್ಕಾಲು ಸೆಕೆಂಡಿನಲ್ಲಿ ಮೋಟಾರು 25-35 ಆಂಪ್ ಎಳೆಯುತ್ತದೆ, ಬ್ಯಾಟರಿ ವೋಲ್ಟೇಜು ಆಗ ಕುಸಿದೇ ಕುಸಿಯುತ್ತದೆ. ಅಂತರವೂ ನಿಧಾನವೂ ಇಲ್ಲದಿದ್ದರೆ ರಿಲೇ ಕುಸಿತ ಕಂಡು ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜು ಏರುತ್ತದೆ, ಮತ್ತೆ ಹಿಡಿಯುತ್ತದೆ. ಟಕ-ಟಕ-ಟಕ ಎನ್ನುವ ಈ ಸದ್ದು ಕೇಳಿದರೆ ಓಡಿಹೋಗಿ ಎಂ.ಸಿ.ಬಿ. ಇಳಿಸಿ. ಹತ್ತು ನಿಮಿಷ ಹೀಗೇ ಬಿಟ್ಟರೆ ಸ್ಟಾರ್ಟರ್ ಪೆಟ್ಟಿಗೆಯ ಸ್ಟಾರ್ಟ್ ಕೆಪಾಸಿಟರ್ ಉಬ್ಬಿ ಹೋಗುತ್ತದೆ, ಕೆಲವೊಮ್ಮೆ ಮೋಟಾರಿನ ಸುರುಳಿಯೂ. ಅದು 60 ಮೀಟರ್ ಕೆಳಗಿದೆ.

ಬೇಸಿಗೆಯಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಜನವರಿಯಲ್ಲಿ ಚೆನ್ನಾಗಿ ನಡೆದ ವ್ಯವಸ್ಥೆ ಏಪ್ರಿಲಿನಲ್ಲಿ, ಇಷ್ಟು ಬಿಸಿಲಿದ್ದಾಗ, ಪಂಪನ್ನು ಎತ್ತುವುದೇ ಇಲ್ಲ. ಒಳ್ಳೆಯ ಕಂಟ್ರೋಲರುಗಳು ಬ್ಯಾಟರಿ ಬಿಸಿಯಾದಂತೆ ಚಾರ್ಜಿಂಗ್ ವೋಲ್ಟೇಜನ್ನು ಇಳಿಸುತ್ತವೆ. 48 ವೋಲ್ಟಿನ ಬ್ಯಾಂಕಿಗೆ ಇದು ಡಿಗ್ರಿಗೆ ಸುಮಾರು 0.1 ವೋಲ್ಟ್. ಬ್ಯಾಟರಿ ಕೋಣೆ 35 ಡಿಗ್ರಿ ಇದ್ದರೆ 57.6 ಇದ್ದದ್ದು 56.6 ಆಗಿರುತ್ತದೆ. ರಿಲೇಯನ್ನು 57ಕ್ಕೆ ಕಟ್ಟಿದ್ದವರ ಪಂಪು ಅಲ್ಲಿಗೆ ನಿಂತಿತು. ಫ್ಲೋಟ್‌ಗೆ (ಪೂರ್ತಿ ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸುವ ಹಂತ) ಬಂದ ಮೇಲೆ ವೋಲ್ಟೇಜು 54-55ಕ್ಕೆ ಇಳಿಯುವುದರಿಂದ ಆಗಲೂ ಇದೇ ಕತೆ. 55.2 ಎಂದಿದ್ದು ಅದಕ್ಕೇ. ಏರುವ ದಾರಿಯಲ್ಲೇ ಹಿಡಿದುಕೊಳ್ಳಬೇಕು.

ಲಿಥಿಯಂ ಹಾಕಿಸಿದವರಿಗೆ ಈ ಅಂಕೆಗಳು ಉಪಯೋಗಕ್ಕೆ ಬಾರವು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 20 ಪ್ರತಿಶತದಿಂದ 80ರವರೆಗೆ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಕೂತಿರುತ್ತದೆ. ಅಲ್ಲಿ ಬಿ.ಎಂ.ಎಸ್. (ಬ್ಯಾಟರಿಯೊಳಗಿನ ಕಾವಲು ಬೋರ್ಡು) ಹೇಳುವ ಪ್ರತಿಶತವನ್ನೇ ಓದಬೇಕು, 85ಕ್ಕೆ ಆನ್, 70ಕ್ಕೆ ಆಫ್. ವಾರಕ್ಕೊಮ್ಮೆಯಾದರೂ ಬ್ಯಾಟರಿ ಪೂರ್ತಿ ತುಂಬಲಿ, ಇಲ್ಲದಿದ್ದರೆ ಆ ಪ್ರತಿಶತದ ಲೆಕ್ಕವೇ ಜಾರುತ್ತಾ ಹೋಗುತ್ತದೆ.

ಈಗ ಕಟ್ಟುವ ಕೆಲಸ. ತ್ರೀ ಫೇಸ್ ಬಂದೊಡನೆ ಪಂಪ್ ಎತ್ತುವ ಆಟೊ ಸ್ಟಾರ್ಟರ್ ನಮ್ಮ ರೈತರಿಗೆ ಹೊಸದಲ್ಲ. ಇದೂ ಅದೇ ಜಾತಿಯದು, ಫೇಸ್ ಬಂತೇ ಎಂದು ಕೇಳುವ ಬದಲು ಬೇರೆ ನಾಲ್ಕು ಮಾತು ಕೇಳುತ್ತದೆ. ಇನ್ವರ್ಟರಿನಿಂದ 10 ಆಂಪಿನ ಸಿ ಕರ್ವ್ ಎಂ.ಸಿ.ಬಿ., ಅಲ್ಲಿಂದ ಕಾಂಟ್ಯಾಕ್ಟರ್ (ಭಾರಿ ಲೋಡ್ ಹೊರುವ ದೊಡ್ಡ ರಿಲೇ), ಅಲ್ಲಿಂದ ಪಂಪಿನ ಸ್ಟಾರ್ಟರ್ ಪೆಟ್ಟಿಗೆ. ಕಾಂಟ್ಯಾಕ್ಟರಿನ ಕಾಯಿಲ್‌ಗೆ ಹೋಗುವ ತಂತಿಯನ್ನು ಟೈಮರ್, ವೋಲ್ಟೇಜ್ ರಿಲೇ, ಬಿಸಿಲುಗಣ್ಣಿನ ರಿಲೇ, ಟ್ಯಾಂಕಿನ ಫ್ಲೋಟ್ (ನೀರಿನ ಮಟ್ಟ ನೋಡುವ ತೇಲು) ರಿಲೇ, ಈ ನಾಲ್ಕರ ಎನ್‌.ಒ. ಕಾಲುಗಳ (ರಿಲೇ ಎಳೆದಾಗ ಮಾತ್ರ ಕೂಡುವವು) ಮೂಲಕ ಒಂದರ ಹಿಂದೆ ಒಂದಾಗಿ ಪೋಣಿಸಿ. ನಾಲ್ಕೂ ಹೌದು ಎಂದರಷ್ಟೇ ಪಂಪು. ಯಾವುದೇ ಒಂದು ಕೆಟ್ಟರೂ, ತಂತಿ ತುಂಡಾದರೂ ಪಂಪು ನಿಲ್ಲುತ್ತದೆಯೇ ಹೊರತು ತಾನಾಗಿ ಓಡುವುದಿಲ್ಲ. ಜೊತೆಗೆ ಡ್ರೈ ರನ್ ರಿಲೇ ಇರಲಿ. ಮಾರ್ಚ್ ಕಳೆದ ಮೇಲೆ ಬೋರ್‌ವೆಲ್ ನೀರು ಕೆಳಗಿಳಿದಾಗ, ನೀರಿಲ್ಲದೆ ಓಡುವ ಪಂಪಿನ ಕರೆಂಟು ಕಡಿಮೆಯಾದದ್ದನ್ನು ಗುರುತಿಸಿ ಅದು ನಿಲ್ಲಿಸುತ್ತದೆ. ಮನುಷ್ಯರು ಪಕ್ಕದಲ್ಲಿಲ್ಲದೆ ಓಡುವ ಪಂಪಿಗೆ ಇದು ಬೇಕೇ ಬೇಕು.

ನೀಲಿ ಬಣ್ಣದ ಸಣ್ಣ ರಿಲೇಯ ಮೇಲೆ 10 ಆಂಪ್ 250 ವೋಲ್ಟ್ ಎಂದು ಬರೆದಿರುವುದನ್ನು ನಂಬಿ ಪಂಪನ್ನು ನೇರ ಅದಕ್ಕೇ ಸಿಕ್ಕಿಸಬೇಡಿ. ಆ 10 ಆಂಪ್ ಬಲ್ಬು, ಹೀಟರಿನಂಥವಕ್ಕೆ. ಮೋಟಾರಿನ ಎಳೆತಕ್ಕೆ ಅದರ ಕಾಂಟ್ಯಾಕ್ಟ್ ಬೆಸುಗೆಯಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ರಿಲೇ ರಾತ್ರಿಯೂ ಆನ್. ರಿಲೇ ಕಾಯಿಲನ್ನು ಮಾತ್ರ ನಡೆಸಲಿ, ಪಂಪಿನ ಭಾರ ಹೊರಲು ಎ.ಸಿ.-3 (ಮೋಟಾರಿಗೆಂದಿರುವ) ದರ್ಜೆಯಲ್ಲಿ 12 ಅಥವಾ 18 ಆಂಪಿನ ಕಾಂಟ್ಯಾಕ್ಟರ್ ಇರಲಿ. ಪ್ಯಾನೆಲ್ ಕಡೆಯ ಡಿ.ಸಿ. ತಂತಿಯನ್ನಂತೂ ಇಂಥ ರಿಲೇಯಿಂದ ಕಡಿಯಲು ಹೋಗಲೇಬಾರದು. ನೂರು ವೋಲ್ಟಿನ ಡಿ.ಸಿ. ಕಿಡಿ ಒಮ್ಮೆ ಹತ್ತಿದರೆ ತಾನಾಗಿ ಆರುವುದಿಲ್ಲ, ಪೆಟ್ಟಿಗೆ ಸುಡುತ್ತದೆ.

ಸಿಗುವ ಅಗ್ಗದ ವೋಲ್ಟೇಜ್ ರಿಲೇ ಬೋರ್ಡುಗಳಲ್ಲಿ ಬಹಳಷ್ಟು 30-36 ವೋಲ್ಟಿಗೆ ಮಾತ್ರ. 48 ವೋಲ್ಟಿನ ಬ್ಯಾಂಕು ಚಾರ್ಜಿನಲ್ಲಿ 58 ಮುಟ್ಟುತ್ತದೆ, ಬೋರ್ಡು ಅಲ್ಲೇ ಹೋಗುತ್ತದೆ. ಈ.ಎಸ್‌.ಪಿ. 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಹಾಕಿ ಪ್ರೋಗ್ರಾಮ್ ತಾವೇ ಬರೆದುಕೊಳ್ಳುವವರು 180 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳಿಂದ ವೋಲ್ಟೇಜನ್ನು 19ನೇ ಒಂದು ಪಾಲಿಗೆ ಇಳಿಸಿ, ಎ.ಡಿ.ಎಸ್. 1115 ಚಿಪ್ಪಿನಿಂದ ಓದಿಸಿದರೆ ಅಂಕೆ ಸ್ಥಿರವಾಗಿ ಸಿಗುತ್ತದೆ. ಬ್ಯಾಟರಿಯಿಂದ ಬರುವ ಆ ಎಳೆ ಎಷ್ಟೇ ಸಣ್ಣದಿರಲಿ, ಅದಕ್ಕೂ ಬ್ಯಾಟರಿಯ ಪಕ್ಕದಲ್ಲೇ 1 ಆಂಪಿನ ಫ್ಯೂಸ್ ಹಾಕಿ. ಸಣ್ಣ ತಂತಿ ಶಾರ್ಟ್ ಆದರೆ ಹರಿಯುವುದು ಸಣ್ಣ ಕರೆಂಟಲ್ಲ. ಹೊಸ ಇನ್ವರ್ಟರುಗಳಲ್ಲಿ ಕೆಲವಕ್ಕೆ ಡ್ರೈ ಕಾಂಟ್ಯಾಕ್ಟ್ ಎಂಬ ಮೂರು ಕಾಲಿನ ಜಾಗ ಇರುತ್ತದೆ, ಜನರೇಟರ್ ಶುರು ಮಾಡಲೆಂದು ಕೊಟ್ಟದ್ದು. ಬ್ಯಾಟರಿ ತುಂಬಿದಾಗ ಮುಚ್ಚುವ ಕಾಲನ್ನು ಬಳಸಿಕೊಂಡರೆ ಬೇರೆ ವೋಲ್ಟೇಜ್ ರಿಲೇ ಬೇಕೇ ಆಗುವುದಿಲ್ಲ.

ಟ್ಯಾಂಕಿಗೆ ಹೋಗುವ ಫ್ಲೋಟ್ ತಂತಿಯಲ್ಲಿ 230 ವೋಲ್ಟ್ ಕಳಿಸಬೇಡಿ, 12 ವೋಲ್ಟ್ ಸಾಕು, ಕೆಳಗೆ ಒಂದು ರಿಲೇ ಇಟ್ಟುಕೊಂಡರಾಯಿತು. ಟ್ಯಾಂಕು ಗುಡ್ಡದ ಮೇಲಿದ್ದರೆ ಆ ಉದ್ದ ತಂತಿಯೇ ಏಪ್ರಿಲ್-ಮೇ ಸಿಡಿಲಿಗೆ ದಾರಿ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಬೇಕು. ಆರ್‌.ಸಿ.ಸಿ.ಬಿ. (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಹಾಕಿಸಿದವರು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಲೈನ್ ಇಲ್ಲದ ಮನೆಯಲ್ಲಿ ಇನ್ವರ್ಟರ್ ಔಟ್‌ಪುಟ್ಟಿನ ನ್ಯೂಟ್ರಲ್ ಒಂದೇ ಒಂದು ಜಾಗದಲ್ಲಿ ಅರ್ತಿಗೆ ಸೇರಿರಬೇಕು. ಸೇರದಿದ್ದರೆ ಆರ್‌.ಸಿ.ಸಿ.ಬಿ. ಗೋಡೆಯ ಅಲಂಕಾರ. ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗುತ್ತದೆ, ಮನುಷ್ಯನಿಗೆ ಹೊಡೆದಾಗ ಆಗುವುದಿಲ್ಲ. ಇದನ್ನು ತಿಳಿದ ವಯರ್‌ಮನ್ ಕೈಯಲ್ಲೇ ಮಾಡಿಸಿ. ಇನ್ನು ಇರುವೆ. ಕಾಂಟ್ಯಾಕ್ಟರಿನ ಬೆಚ್ಚಗಿನ ಕಾಯಿಲ್ ಪಕ್ಕ ಗೂಡು ಕಟ್ಟಿ, ಕಾಂಟ್ಯಾಕ್ಟುಗಳ ನಡುವೆ ಸತ್ತು ಬಿದ್ದು, ಪಂಪು ಎತ್ತದಂತೆ ಮಾಡುವುದು ಮಲೆನಾಡಿನಲ್ಲಿ ಹೊಸತಲ್ಲ. ತಂತಿಗಳು ಪೆಟ್ಟಿಗೆಗೆ ಕೆಳಗಿನಿಂದ ಒಳಹೋಗಲಿ, ಗ್ಲ್ಯಾಂಡ್ ಬಿಗಿಯಿರಲಿ, ಖಾಲಿ ತೂತುಗಳಿಗೆ ಎಂ-ಸೀಲ್ ಮೆತ್ತಿ.

ಟ್ಯಾಂಕ್ ತುಂಬಿ ಒಂದು ಗಂಟೆ ಆಯಿತು, ಇನ್ನೂ ಬಿಸಿಲಿದೆ. ಆ ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಫ್ಲೋಟ್ ರಿಲೇಗೆ ಎರಡು ಕಾಲುಗಳಿವೆ. ತುಂಬಿಲ್ಲ ಎನ್ನುವ ಕಾಲು ಪಂಪಿಗೆ ಹೋಗಿದೆ. ತುಂಬಿದೆ ಎನ್ನುವ ಇನ್ನೊಂದು ಕಾಲು ಖಾಲಿ ಕೂತಿದೆ. ಅದರಿಂದ ಎರಡನೆಯ ಕಾಂಟ್ಯಾಕ್ಟರನ್ನು ಎತ್ತಿಸಿದರೆ ಒಂದು ಸಾಲು ಪ್ರೋಗ್ರಾಮ್ ಬರೆಯದೆ ಎರಡನೆಯ ಸರದಿಯ ಲೋಡ್ ಸಿದ್ಧ. ಅಲ್ಲಿಗೆ ಗೀಸರ್ ಹಾಕೋಣ ಎಂದು ಎಲ್ಲರೂ ಹೇಳುತ್ತಾರೆ. 15 ಲೀಟರನ್ನು 22ರಿಂದ 55 ಡಿಗ್ರಿಗೆ ಏರಿಸಲು 0.58 ಯೂನಿಟ್. ಅಡಿಕೆ ಹಾಳೆ, ಸಿಪ್ಪೆ, ತೆಂಗಿನ ಮಟ್ಟೆ ಬಿದ್ದುಕೊಂಡಿರುವ ಮನೆಯಲ್ಲಿ ಬಚ್ಚಲ ಒಲೆಯ ಹಂಡೆ ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಆ ಬಿಸಿಲಿಗೆ ನಮ್ಮ ಮತ ತಂಪಿನ ಪೆಟ್ಟಿಗೆಗೆ.

ಸಾಮಾನ್ಯ ಫ್ರಿಜ್ಜನ್ನು ಸಂಜೆ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಹಾಲು ಕೆಡುತ್ತದೆ. ಮೇಲಿನಿಂದ ತೆರೆಯುವ 200 ಲೀಟರಿನ ಚೆಸ್ಟ್ ಫ್ರೀಜರ್ ತಂದು, ಅದರೊಳಗೆ ಬದಿಗಳ ಉದ್ದಕ್ಕೂ ನೀರು ತುಂಬಿದ ಒಂದು ಲೀಟರಿನ ಹತ್ತು ಬಾಟಲಿ ನಿಲ್ಲಿಸಿ. ಕತ್ತಿನವರೆಗೆ ತುಂಬಬೇಡಿ, ನೀರು ಹೆಪ್ಪುಗಟ್ಟಿದಾಗ 9 ಪ್ರತಿಶತ ಹಿಗ್ಗುತ್ತದೆ. ಹಗಲು ಓಡಿ ಆ ನೀರು ಮಂಜುಗಡ್ಡೆಯಾದರೆ, 10 ಕಿಲೋ ಮಂಜಿನಲ್ಲಿ 0.93 ಯೂನಿಟ್‌ನಷ್ಟು ತಂಪು ಕೂತಿದೆ. ಮುಚ್ಚಿದ ಪೆಟ್ಟಿಗೆಯೊಳಗೆ ಹೊರಗಿನ ಬಿಸಿ 25 ವ್ಯಾಟಿನಷ್ಟು ನುಸುಳಿದರೂ ರಾತ್ರಿಯ 16 ಗಂಟೆಗೆ 0.4 ಯೂನಿಟ್. ಬೆಳಿಗ್ಗೆಯೂ ಅರ್ಧ ಮಂಜು ಉಳಿದಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐ.ಎಲ್‌.ಆರ್. ಪೆಟ್ಟಿಗೆಗಳು ದಿನಕ್ಕೆ ಎಂಟು ಗಂಟೆ ಕರೆಂಟಿನಲ್ಲಿ 2ರಿಂದ 8 ಡಿಗ್ರಿ ಕಾಯುವುದು ಗೋಡೆಯೊಳಗಿನ ಮಂಜಿನ ಬಲದಿಂದಲೇ. ಬ್ಯಾಟರಿಯೇ ಇಲ್ಲದೆ ನೇರ ಪ್ಯಾನೆಲ್ಲಿನಿಂದ ಓಡುವ ಲಸಿಕೆ ಫ್ರಿಜ್ಜುಗಳೂ ಇದೇ ತತ್ವದವು. ಮನೆಯ ಪೆಟ್ಟಿಗೆಯಲ್ಲಿ ಹಾಲು, ತರಕಾರಿಯನ್ನು ಬಾಟಲಿಗಳಿಗೆ ತಾಗದಂತೆ ನಡುವೆ ಬುಟ್ಟಿಯಲ್ಲಿಡಿ, ಇಲ್ಲದಿದ್ದರೆ ಅವೂ ಹೆಪ್ಪುಗಟ್ಟುತ್ತವೆ. ಕಂಪ್ರೆಸರನ್ನು ಎಸ್‌.ಟಿ.ಸಿ. 1000 ತರಹದ ಹೊರಗಿನ ಥರ್ಮೋಸ್ಟ್ಯಾಟ್ ಮೂಲಕ ನಡೆಸಿ, ಅದರ ಎಫ್3 (ಮತ್ತೆ ಶುರುವಾಗುವ ಮುನ್ನ ಕಾಯುವ ಹೊತ್ತು) ಸೆಟ್ಟಿಂಗನ್ನು 5 ನಿಮಿಷಕ್ಕೆ ಇಡಿ. ನಿಂತ ಕೂಡಲೇ ಮತ್ತೆ ಶುರುವಾಗುವ ಕಂಪ್ರೆಸರ್ ಒಳಗಿನ ಒತ್ತಡ ಸಮವಾಗದೆ ತಡವರಿಸಿ ಬಿಸಿಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಲೋಡ್ ರಾತ್ರಿಯಿಡೀ ಓಡುತ್ತಿರುತ್ತದೆ, ಯಾರ ಕಣ್ಣಿಗೂ ಬೀಳದೆ: ಇನ್ವರ್ಟರೇ. 3 ಕೆ.ವಿ.ಎ. ಇನ್ವರ್ಟರ್ ಏನೂ ಮಾಡದೆ ಸುಮ್ಮನೆ ಆನ್ ಇದ್ದರೆ ಸುಮಾರು 45 ವ್ಯಾಟ್ ತಿನ್ನುತ್ತದೆ. ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ 15 ಗಂಟೆಗೆ 0.68 ಯೂನಿಟ್. ಅದೇ ಹೊತ್ತಿನಲ್ಲಿ 9 ವ್ಯಾಟಿನ ಆರು ಬಲ್ಬು ಐದು ಗಂಟೆ ಉರಿದರೆ 0.27, 30 ವ್ಯಾಟಿನ ಎರಡು ಬಿ.ಎಲ್‌.ಡಿ.ಸಿ. ಫ್ಯಾನ್ ಎಂಟು ಗಂಟೆಗೆ 0.48. ದೀಪ ಬೆಳಗಿಸುವ ಯಂತ್ರ ದೀಪಕ್ಕಿಂತ ಎರಡೂವರೆ ಪಟ್ಟು ಉಣ್ಣುತ್ತಿದೆ. ಹಗಲು ಮಾತ್ರ ಓಡಬೇಕಾದ ಲೋಡುಗಳ ಪಟ್ಟಿಯಲ್ಲಿ ದೊಡ್ಡ ಇನ್ವರ್ಟರ್ ಮೊದಲನೆಯದಾಗಬೇಕು. ರಾತ್ರಿಯ ದೀಪ, ಫ್ಯಾನು, ರೂಟರ್‌ಗಳಿಗೆ 48ರಿಂದ 12 ವೋಲ್ಟಿಗೆ ಇಳಿಸುವ ಡಿ.ಸಿ. ಕನ್ವರ್ಟರ್ ಹಾಕಿ 12 ವೋಲ್ಟಿನ ಬಲ್ಬು, ಫ್ಯಾನು ಬಳಸಿ. ಟೈಮರ್, ರಿಲೇಗಳ ಬೋರ್ಡಿಗೂ ಅದರಿಂದಲೇ ಕರೆಂಟು ಕೊಡಿ. ನಾಲ್ಕು ಬ್ಯಾಟರಿಗಳಲ್ಲಿ ಒಂದರಿಂದ ನೇರ 12 ವೋಲ್ಟ್ ಎಳೆದುಕೊಳ್ಳುವ ಅಡ್ಡದಾರಿ ಹಿಡಿಯಬೇಡಿ. ಆ ಒಂದು ಯಾವಾಗಲೂ ಹಸಿದಿರುತ್ತದೆ, ಉಳಿದ ಮೂರು ಅತಿಯಾಗಿ ಚಾರ್ಜಾಗಿ ಕುದಿಯುತ್ತವೆ, ಆರು ತಿಂಗಳಲ್ಲಿ ನಾಲ್ಕೂ ಬೇರೆಬೇರೆ ವಯಸ್ಸಿನವಾಗುತ್ತವೆ. ಇನ್ವರ್ಟರನ್ನು ಅದರ ಸ್ವಿಚ್ಚಿನಿಂದ ಅಥವಾ ರಿಮೋಟ್ ತಂತಿಯಿಂದ ಆಫ್ ಮಾಡಿ, ಬ್ಯಾಟರಿಯ ದಪ್ಪ ಕೇಬಲ್ ಕಡಿದಲ್ಲ. ಪ್ರತಿ ಸಲ ಸೇರಿಸುವಾಗ ಒಳಗಿನ ಕೆಪಾಸಿಟರ್‌ಗಳು ಎಳೆಯುವ ಕಿಡಿಗೆ ಸ್ವಿಚ್ಚು ಉಳಿಯದು. ಚಾರ್ಜರ್ ಒಳಗೇ ಇರುವ ಮಾದರಿಯಾದರೆ, ಔಟ್‌ಪುಟ್ ಆಫ್ ಮಾಡಿದ ಮೇಲೂ ಪ್ಯಾನೆಲ್ಲಿನಿಂದ ಚಾರ್ಜಿಂಗ್ ನಡೆಯುತ್ತಿದೆಯೇ ಎಂದು ಒಮ್ಮೆ ಹಗಲು ಪರೀಕ್ಷಿಸಿಕೊಳ್ಳಿ.

ಮಿಕ್ಸಿ, ವಾಷಿಂಗ್ ಮಷಿನ್, ಇಸ್ತ್ರಿ ಪೆಟ್ಟಿಗೆ, ಮನೆ ಗಿರಣಿ ಇವಕ್ಕೆ ಯಾವ ಕಾಂಟ್ಯಾಕ್ಟರೂ ಬೇಡ. ವೋಲ್ಟೇಜ್ ರಿಲೇಯಿಂದ ಒಂದು ತಂತಿ ಎಳೆದು ಅಡುಗೆಮನೆಯ ಗೋಡೆಗೆ ಒಂದು ಹಸಿರು ಇಂಡಿಕೇಟರ್ ದೀಪ ಹಾಕಿ. ಹಸಿರು ಕಂಡಾಗ ದೋಸೆ ಹಿಟ್ಟು ರುಬ್ಬಬಹುದು, ಬಟ್ಟೆ ಹಾಕಬಹುದು. ಇಲ್ಲದಾಗ ಸ್ವಲ್ಪ ಕಾಯುವುದು. ಮನೆಯ ಕೆಲಸದ ಹೊತ್ತನ್ನು ಹೊಂದಿಸುವವರು ಅಡುಗೆಮನೆಯಲ್ಲಿರುತ್ತಾರೆ, ಇನ್ವರ್ಟರ್ ಕೋಣೆಯಲ್ಲಲ್ಲ. ಎಷ್ಟೋ ಮನೆಗಳಲ್ಲಿ ಅವರಿಗೆ ಮೀಟರ್ ಓದುವುದನ್ನು ಯಾರೂ ಹೇಳಿಕೊಟ್ಟಿರುವುದೂ ಇಲ್ಲ. ಪಂಪಿಗೂ ಆಟೊ, ಆಫ್, ಮ್ಯಾನ್ಯುಯಲ್ ಎಂಬ ಮೂರು ಸ್ಥಾನದ ತಿರುಗಣೆ ಸ್ವಿಚ್ ಇಟ್ಟು, ಪಕ್ಕದಲ್ಲಿ ಕನ್ನಡದಲ್ಲಿ ಬರೆದಂಟಿಸಿ. ಮನೆಯಲ್ಲಿ ಕಾರ್ಯ ಇದ್ದು ರಾತ್ರಿ ಎಂಟಕ್ಕೆ ನೀರು ಮುಗಿದರೆ ಪಂಪು ಓಡಲೇಬೇಕು, ಅದಕ್ಕೆ ಪೆಟ್ಟಿಗೆ ಬಿಚ್ಚುವಂತಾಗಬಾರದು. ಡ್ರೈ ರನ್ ರಿಲೇ ಮಾತ್ರ ಮ್ಯಾನ್ಯುಯಲ್‌ನಲ್ಲೂ ಸಾಲಿನಲ್ಲೇ ಇರುವಂತೆ ಕಟ್ಟಿ. ಬೆಳಿಗ್ಗೆ ಆರಕ್ಕೂ ಸಂಜೆಗೂ ಬೇಕಾಗುವ ಹಾಲು ಕರೆಯುವ ಯಂತ್ರದಂಥವು ಬಿಸಿಲಿಗೆ ಕಾಯಲಾರವು. ಅವಕ್ಕಾಗಿಯೇ ಬ್ಯಾಟರಿ ಇರುವುದು.

ಜೂನ್ ಬಂದ ಮೇಲೆ ಲೆಕ್ಕ ಬೇರೆ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ. ಫೆಬ್ರವರಿಯಲ್ಲಿ ದಿನಕ್ಕೆ 7 ಯೂನಿಟ್ ಕೊಡುತ್ತಿದ್ದ ಅದೇ 2 ಕಿಲೋವ್ಯಾಟ್ ಜುಲೈಯಲ್ಲಿ 2-3ಕ್ಕೆ ಇಳಿಯುತ್ತದೆ, ಕೆಲವು ದಿನ ಅದೂ ಇಲ್ಲ. ವೋಲ್ಟೇಜಿಗೆ ಕಟ್ಟಿದ ಪಂಪು ಹದಿನೈದು ದಿನ ಎತ್ತದೇ ಇರಬಹುದು. ಅದು ಕೆಟ್ಟದ್ದಲ್ಲ, ಸರಿಯಾಗಿ ನಡೆಯುತ್ತಿರುವುದರ ಗುರುತು. ಆಗ 55.2 ಅನ್ನು 53ಕ್ಕೆ ಇಳಿಸಿ ಪಂಪ್ ಓಡಿಸುವ ಆಸೆ ಬರುತ್ತದೆ. ಬೇಡ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಕಿಲ್ಲ, ಮನೆಗೆ ಸೂರಿನ ನೀರೋ ಅಬ್ಬಿಯ ನೀರೋ ಆಗುತ್ತದೆ. ಟ್ಯಾಂಕು ತಳ ಕಂಡರೆ ಒಂದು ದಿನ ಮ್ಯಾನ್ಯುಯಲ್‌ನಲ್ಲಿ ಅರ್ಧ ತುಂಬಿಸಿ. ಟೈಮರನ್ನು 11:00ರಿಂದ 14:30ಕ್ಕೆ ಕಿರಿದು ಮಾಡಿ. ತಿಂಗಳಿಗೊಮ್ಮೆ, ಬಿಸಿಲು ಬಿಚ್ಚಿದ ದಿನ, ಪಂಪು, ಫ್ರೀಜರು ಎರಡನ್ನೂ ಆಫ್‌ಗೆ ತಿರುಗಿಸಿ ಬ್ಯಾಟರಿಯನ್ನು 57.6ಕ್ಕೆ ಏರಿಸಿ ಎರಡು ಮೂರು ಗಂಟೆ ಅಲ್ಲೇ ನಿಲ್ಲಲು ಬಿಡಿ, ಕರೆಂಟು 3 ಆಂಪ್‌ಗೆ ಇಳಿಯುವವರೆಗೆ. ಆಗಸ್ಟಿನಲ್ಲಿ ಅಂಥ ದಿನ ಎರಡೋ ಮೂರೋ ಸಿಗುತ್ತವೆ. ಆ ದಿನ ಬಟ್ಟೆ ಹೊರಗೆ ಹಾಕಲು ಎಲ್ಲರೂ ಓಡುತ್ತಾರೆ. ಓಡುವ ದಾರಿಯಲ್ಲೇ ಪಂಪಿನ ಸ್ವಿಚ್ಚನ್ನೂ ಆಫ್‌ಗೆ ತಿರುಗಿಸಿ ಹೋಗಿ.